ಹಿಂದಿನ ಎಡ ಬಾಗಿಲು

“ನೂಕಿ, ನೂಕಿ! ಸ್ಟೇರಿಂಗು ತಿರುಗಿಸಿ ಸಾರ್, ಗೇಟಿಗೆ ತಾಗುತ್ತೆ!”

ನಾಲ್ಕು ಜನ ಹಿಂದಿನಿಂದ ಕಾರು ನೂಕುತ್ತಿದ್ದರು. ಪೇಂಟರ್ ಕಿಟಕಿಯೊಳಗೆ ಒಂದು ಕೈ ತೂರಿಸಿ, ಸ್ಟೇರಿಂಗು ಹಿಡಿದು ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ. ಹೆಣ ಒಯ್ಯುವ ಗಾಡಿ ಬಂದು ಬೀದಿಯಲ್ಲಿ ನಿಂತು ಹತ್ತು ನಿಮಿಷವಾಗಿತ್ತು. ಅಂಗಳದಲ್ಲಿ ತೀರಿಕೊಂಡ ಅವನ ಅಣ್ಣನ ಕಾರು ಅಡ್ಡ ನಿಂತಿದ್ದರಿಂದ ಅದು ಒಳಗೆ ಬರುವ ಹಾಗಿರಲಿಲ್ಲ. ಚಾವಿ ತಿರುಗಿಸಿದರೆ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಗಿತ್ತು. ಅಣ್ಣ ಹಾಸಿಗೆ ಹಿಡಿದು ಎರಡು ತಿಂಗಳು. ಅಲ್ಲಿಂದೀಚೆಗೆ ಅದನ್ನು ಯಾರೂ ಓಡಿಸಿರಲಿಲ್ಲ.

ಕಾರು ಬೀದಿ ಸೇರಿತು. ಗಾಲಿಗೆ ಕಲ್ಲು ಕೊಡುವ ನೆಪ ಮಾಡಿಕೊಂಡು ಪೇಂಟರ್ ಆಚೆ ಮಗ್ಗುಲಿಗೆ ಹೋದ. ಒಡಹುಟ್ಟಿದವನ ಹೆಣ ನಡುಮನೆಯಲ್ಲಿದೆ, ಇವನು ಮೊಣಕಾಲೂರಿ ಕೂತು ನೋಡಿದ್ದೇನನ್ನು ಅಂತೀರಿ? ಹಿಂದಿನ ಎಡ ಬಾಗಿಲಿನ ಕೆಳಗಿನ ಅಂಚನ್ನು. ಅಲ್ಲಿ ಬಣ್ಣದಡಿಯಲ್ಲಿ ಏಳೆಂಟು ಗುಳ್ಳೆ ಎದ್ದಿದ್ದವು. ಈ ವರ್ಷವೂ ಎದ್ದಿದ್ದವು! ಹೊಟ್ಟೆಗೆ ಹಾಲು ಹುಯ್ದಷ್ಟು ಹಿತವಾಯಿತು. ಮರುಗಳಿಗೆಯೇ, ಥೂ ನನ್ನ ಜನ್ಮಕ್ಕಿಷ್ಟು ಎಂದುಕೊಂಡ. ಆದರೆ ಆದ ಹಿತ ಆಗಿಹೋಗಿತ್ತು.

“ಏನ್ ಕಾರು ಇಟ್ಕೊಂಡಿದ್ರಪ್ಪಾ ಪುಣ್ಯಾತ್ಮ!” ಎಂದ ಎದುರುಮನೆಯ ನಿವೃತ್ತ ಕಂಡಕ್ಟರ್. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ ಕಾರಣ ಬೀದಿಯಲ್ಲಿ ಅವನಿಗೆ ರೇಡಿಯೋ ಎಂದೇ ಹೆಸರು. “ಹದಿನೆಂಟು ವರ್ಷದ ಹಿಂದೆ ಇದನ್ನ ತಂದಾಗ ನಾನೇ ನಕ್ಕಿದ್ದೆ ಸಾರ್. ಜರಡಿ ಆಗಿತ್ತು, ಜರಡಿ! ಒಂದೊಂದು ಭಾನುವಾರ ಒಂದೊಂದು ಕಡೆ ತುಕ್ಕು ಕೆರೆದು, ಪುಟ್ಟಿ ತುಂಬಿ, ಬಣ್ಣ ಹೊಡೆದು ಹೆಂಗೆ ಮಾಡಿದ್ರು ನೋಡಿ. ಗ್ಯಾರೇಜಿನೋರೂ ಕೈ ಮುಗೀಬೇಕು.” ಆಮೇಲೆ ಏನೋ ನೆನಪಾದವನಂತೆ ಕೇಳಿದ: “ಅಲ್ಲಾ, ನೀವೂ ಅದೇ ಕಸುಬಲ್ವಾ? ಅಣ್ಣನ ಹತ್ರ ಕಲಿತ್ರಾ?”

ಪೇಂಟರನ ಮೈಯೆಲ್ಲ ಉರಿದುಹೋಯಿತು. “ನಾನು ಹದಿನಾಲ್ಕನೇ ವಯಸ್ಸಿಗೇ ಗ್ಯಾರೇಜು ಸೇರಿದೋನು. ಮೂವತ್ತೊಂಬತ್ತು ವರ್ಷ ಆಯ್ತು.”

“ಓಹೋ! ಹಂಗಾದ್ರೆ ಇಬ್ಬರಿಗೂ ರಕ್ತದಲ್ಲೇ ಬಂದಿದೆ ಅನ್ನಿ,” ಎಂದು ರೇಡಿಯೋ ತೃಪ್ತಿಯಿಂದ ತಲೆಯಾಡಿಸಿದ.

*

ರಕ್ತದಲ್ಲಿ ಬಂದಿರಲಿಲ್ಲ. ಅಪ್ಪನಿಗೆ ಒಬ್ಬ ಮಗನನ್ನು ಓದಿಸುವಷ್ಟೇ ತ್ರಾಣವಿತ್ತು. ಅಣ್ಣ ಶಾಲೆಯಲ್ಲಿ ಉಳಿದ, ತಮ್ಮ ಗ್ಯಾರೇಜಿಗೆ ಹೋದ. ಅಣ್ಣ ನೀರು ಸರಬರಾಜಿನ ಕಚೇರಿಯಲ್ಲಿ ಗುಮಾಸ್ತನಾಗಿ ಫ್ಯಾನಿನಡಿ ಕುರ್ಚಿ ಹಿಡಿದ. ತಮ್ಮ ಊರವರ ಕಾರುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಉಜ್ಜಿದ, ಊಟದ ತುತ್ತಿನಲ್ಲೂ ಥಿನ್ನರ್ ವಾಸನೆ ಕುಡಿದ. ಹೊಟ್ಟೆಕಿಚ್ಚು ಇರಲಿಲ್ಲವೇ ಎಂದರೆ, ಇತ್ತು. ಹಗಲೂ ರಾತ್ರಿ ಇತ್ತು. ಆದರೂ ಅವನು ತನ್ನೊಳಗೇ ಒಂದು ಪಾಲುಪಟ್ಟಿ ಮಾಡಿಕೊಂಡು ಹೇಗೋ ತೆಪ್ಪಗಿದ್ದ. ಓದು ಅವನದು, ಕುರ್ಚಿ ಅವನದು, ಅಪ್ಪನ ಮುದ್ದೂ ಅವನದೇ ಆಗಲಿ. ಕೈಕೆಲಸ ಮಾತ್ರ ನನ್ನದು.

ಅಂಥದ್ದರಲ್ಲಿ ಅಣ್ಣ ಒಂದು ದಿನ ಗ್ಯಾರೇಜಿಗೇ ಬಂದ. ಕೈಯಲ್ಲಿ ಡೈರಿ, ಕಿವಿಯ ಮೇಲೆ ಪೆನ್ಸಿಲ್ಲು.

“ಲೋ, ಹಳೇ ಕಾರೊಂದು ತಗೊಂಡಿದೀನಿ. ತುಕ್ಕು ತೆಗೆಯೋದು ಹೆಂಗೆ ಅಂತ ಹೇಳ್ಕೊಡೋ, ಮನೇಲೇ ಮಾಡ್ಕೋತೀನಿ.”

“ನೀನ್ಯಾಕೆ ಮೈ ಕೈ ಕೊಳೆ ಮಾಡ್ಕೋತೀಯ? ಇಲ್ಲಿ ತಂದು ಬಿಡು, ನಾನು ಮಾಡ್ತೀನಿ.”

“ಇಲ್ಲ ಕಣೋ, ಆಸೆ ನಂಗೆ. ಚಿಕ್ಕಂದಿನಿಂದ ನಿನ್ನ ಕೆಲಸ ನೋಡಿ ಹೊಟ್ಟೆ ಉರ್ಕೊಂಡೋನು ನಾನು. ನೀನು ಬೆಳಿಗ್ಗೆ ಮಾಡಿದ್ದು ಸಂಜೆಗೆ ಕಣ್ಣಿಗೆ ಕಾಣುತ್ತೆ. ನಾನು ವರ್ಷಗಟ್ಟಲೆ ಬರೆದಿದ್ದು ಕಪಾಟಲ್ಲಿ ಧೂಳು ಹಿಡೀತಿದೆ.”

ಅಣ್ಣ ನಗುತ್ತ ಹೇಳಿದ್ದ. ತಮ್ಮನಿಗೆ ಅದು ಗಾಯದ ಮೇಲೆ ಉಪ್ಪು ಸವರಿದ ಹಾಗಿತ್ತು. ಇರುವುದನ್ನೆಲ್ಲ ಬಾಚಿಕೊಂಡವನು ಈಗ ಇದಕ್ಕೂ ಕೈಹಾಕಿದನಲ್ಲ! ಆದರೂ ಹೇಳಿಕೊಟ್ಟ. ತುಕ್ಕನ್ನು ತಗಡು ಹೊಳೆಯುವ ತನಕ ಕೆರೆಯಬೇಕು, ಪುಟ್ಟಿ ತೆಳ್ಳಗೆ ಎಳೆಯಬೇಕು, ಅದು ಗಟ್ಟಿಯಾದ ಮೇಲೆ ನೀರು ಹಾಕಿ ವಾಟರ್ ಪೇಪರೆಂಬ ಒರಟು ಕಾಗದದಲ್ಲಿ ಉಜ್ಜಬೇಕು. ಎಲ್ಲ ಸರಿಯಾಗಿಯೇ ಹೇಳಿದ. ಕೊನೆಗೆ ಅಣ್ಣ ತಲೆಯೆತ್ತಿ ಕೇಳಿದ.

“ಉಜ್ಜಿದ ಮೇಲೆ ಎಷ್ಟೊತ್ತು ಒಣಗಿಸ್ಬೇಕು?”

ಒಂದು ಹಗಲು ಪೂರ್ತಿ ಒಣಗಿಸಬೇಕು. ಪುಟ್ಟಿ ನೀರು ಕುಡಿದಿರುತ್ತದೆ. ಹಸಿಯ ಮೇಲೆ ಬಣ್ಣದ ಅಡಿಪದರವಾದ ಪ್ರೈಮರ್ ಬಿದ್ದರೆ ಆ ನೀರು ಒಳಗೇ ಉಳಿದು ತಗಡು ತಿನ್ನುತ್ತದೆ. ಗ್ಯಾರೇಜು ಸೇರಿದವನಿಗೆ ಮೊದಲ ಏಟು ಬೀಳುವುದೇ ಈ ತಪ್ಪಿಗೆ.

“ಒಣಗಿಸೋದೇನು ಬಂತು? ಬಟ್ಟೇಲಿ ಒರೆಸಿ ತಕ್ಷಣ ಪ್ರೈಮರ್ ಹೊಡಿ. ಸ್ವಲ್ಪ ತೇವ ಇದ್ರೇನೇ ಚೆನ್ನಾಗಿ ಕಚ್ಕೊಳ್ಳೋದು,” ಎಂದ ತಮ್ಮ.

ಅಣ್ಣ ಅದನ್ನು ಬರೆದುಕೊಂಡು, ಕೆಳಗೆ ಗೆರೆ ಎಳೆದ.

*

ಹೆಣವನ್ನು ಗಾಡಿಗೆ ಏರಿಸಿದರು. ಚಾಲಕ ಚಹಾಕ್ಕೆಂದು ಹೋದವನು ಇನ್ನೂ ಬಂದಿರಲಿಲ್ಲ. ಜನ ಬೀದಿಯಲ್ಲಿ ಕಾರಿನ ಸುತ್ತ ನಿಂತರು, ಮಾತು ಮತ್ತೆ ಅಲ್ಲಿಗೇ ಬಂತು. ಒಬ್ಬರ ಬೈಕಿನ ಟ್ಯಾಂಕು ಅಣ್ಣನದೇ ಕೆಲಸವಂತೆ. ಇನ್ನೊಬ್ಬರ ಮಗಳ ಸೈಕಲ್ಲೂ ಅಂತೆ. ಒಬ್ಬಾಕೆ ತನ್ನ ಫ್ರಿಜ್ಜಿನ ಬಾಗಿಲಿನ ತುಕ್ಕನ್ನೂ ಅವರೇ ತೆಗೆದುಕೊಟ್ಟರೆಂದು ಕಣ್ಣೊರೆಸಿಕೊಂಡಳು. ಫ್ರಿಜ್ಜಿನ ಬಾಗಿಲು! ಪೇಂಟರ್ ತಡೆದುಕೊಂಡ, ತಡೆದುಕೊಂಡ. “ಅವರ ಕೈಗುಣ ಇನ್ಯಾರಿಗೂ ಬರಲ್ಲ ಬಿಡಿ,” ಎಂದು ರೇಡಿಯೋ ಷರಾ ಬರೆದಾಗ ಅವನ ತಾಳ್ಮೆ ಕಿತ್ತುಹೋಯಿತು.

“ಬನ್ನಿ ಇಲ್ಲಿ. ಎಲ್ಲರೂ ಬನ್ನಿ.”

ಅವನು ಕಾರಿನ ಮಗ್ಗುಲಿಗೆ ಹೋಗಿ ಬಗ್ಗಿದ, ಹಿಂದಿನ ಎಡ ಬಾಗಿಲಿನ ಒಂದು ಗುಳ್ಳೆಗೆ ಹೆಬ್ಬೆರಳಿನ ಉಗುರು ಊರಿದ. ಬಣ್ಣ ಚಟ್ಟೆಂದು ಒಡೆಯಿತು. ಒಳಗಿನಿಂದ ಕೆಂಪು ಪುಡಿ ಉದುರಿ ಅವನ ಚಪ್ಪಲಿಯ ಮೇಲೆ ಬಿತ್ತು.

“ಇದೇನಾ ಕೈಗುಣ? ಮೇಲೆ ಥಳುಕು, ಒಳಗೆ ತುಕ್ಕು. ನಮ್ಮ ಗ್ಯಾರೇಜಲ್ಲಿ ಹಿಂಗೆ ಮಾಡಿದ್ರೆ ಒದ್ದು ಓಡಿಸ್ತಾರೆ!”

ರೇಡಿಯೋ ಕೂಡ ಬಂದ್ ಆಯಿತು. ಹೆಣ ಗಾಡಿಯಲ್ಲಿರುವಾಗ ತಮ್ಮನೇ ಹೀಗಂದರೆ ಯಾರು ತಾನೇ ಏನು ಹೇಳಿಯಾರು? ಕಡೆಗೆ ಮೂಲೆಮನೆಯ ದರ್ಜಿ ಮೆಲ್ಲಗೆ ಬಾಯಿಬಿಟ್ಟ. ಅವನು ಜಗಳಕ್ಕೆ ಬರುವ ಪೈಕಿಯಲ್ಲ. ಗೊತ್ತಿದ್ದದ್ದನ್ನು ಹೇಳಿದ, ಅಷ್ಟೇ.

“ಆ ಬಾಗಿಲು ಬಿಡಿ ಸಾರ್, ಅದರ ಕತೆಯೇ ಬೇರೆ. ಅದೊಂದನ್ನ ಅವರು ಒಣಗೋಕೆ ಬಿಡ್ತಿರಲಿಲ್ಲ. ನನ್ನ ಸ್ಕೂಟರ್‌ಗೆ ಒಂದು ಹಗಲು ಪೂರ್ತಿ ಬಿಸಿಲು ಕಾಯಿಸಿದ್ರು. ನಾನು ಅವಸರ ಮಾಡಿದ್ದಕ್ಕೆ, ‘ನೀರು ಒಳಗೆ ಉಳಿದ್ರೆ ಗುಳ್ಳೆ ಏಳುತ್ತೆ ಕಣ್ರೀ, ಒಂದಿನ ನಡ್ಕೊಂಡು ಓಡಾಡಿ, ಕಾಲೇನೂ ಸವೆಯಲ್ಲ’ ಅಂತ ಬೈದಿದ್ರು. ಹದಿನೈದು ವರ್ಷ ಆಯ್ತು, ಇವತ್ತಿಗೂ ಒಂದು ಚುಕ್ಕೆ ಇಲ್ಲ.”

ಬಗ್ಗಿದ್ದ ಪೇಂಟರ್ ತಟ್ಟನೆ ನೆಟ್ಟಗಾದ. “ಹದಿನೈದು ವರ್ಷನಾ?”

“ಒಂದು ಹೆಚ್ಚೇ ಇರ್ಬೇಕು,” ಎಂದ ದರ್ಜಿ.

ಚಾಲಕ ಬಾಯೊರೆಸಿಕೊಳ್ಳುತ್ತ ಬಂದು ಗಾಡಿ ಹೊರಡಿಸಿದ. ಪೇಂಟರ್ ಅಣ್ಣನ ಕಾಲಬುಡದಲ್ಲಿ ಕೂತ. ದಾರಿಯುದ್ದಕ್ಕೂ ಉಗುರಿನ ಸಂದಿಯ ಕೆಂಪು ಪುಡಿಯನ್ನು ತಿಕ್ಕುತ್ತಲೇ ಇದ್ದ.

*

ಪ್ರತಿ ವರ್ಷ ಮಳೆಗಾಲ ಮುಗಿಯುತ್ತಲೇ ಅಣ್ಣನ ಫೋನು ಬರುತ್ತಿತ್ತು. “ಲೋ, ಆ ಬಾಗಿಲಲ್ಲಿ ಮತ್ತೆ ಗುಳ್ಳೆ ಎದ್ದಿದೆ. ಬಂದು ನೋಡೋ.”

ಬೇರೆ ಯಾವುದಕ್ಕೂ ಪೇಂಟರ್ ಆ ಮನೆಯ ಮೆಟ್ಟಿಲು ಹತ್ತಿದವನಲ್ಲ. ಅಣ್ಣನ ಮಗಳ ಮದುವೆಗೂ ಮುಖ ತೋರಿಸಿ, ಊಟಕ್ಕೆ ಮುಂಚೆ ಜಾಗ ಖಾಲಿ ಮಾಡಿದ್ದ. ಈ ಫೋನು ಬಂದರೆ ಮಾತ್ರ ಗ್ಯಾರೇಜಿಗೆ ಬೀಗ ಹಾಕಿ, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಬರುತ್ತಿದ್ದ. ಇಬ್ಬರೂ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಅಣ್ಣ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಹಸಿಯ ಮೇಲೇ ಪ್ರೈಮರ್ ಹೊಡೆಯುತ್ತಿದ್ದ; ತಮ್ಮ ನೋಡುತ್ತಿದ್ದ.

“ನನ್ನ ಕೈಯೇ ಸರಿ ಇಲ್ಲ ಕಣೋ. ನಿನ್ನ ಹಂಗೆ ಬರಲ್ಲ,” ಎನ್ನುತ್ತಿದ್ದ ಅಣ್ಣ.

ಆ ಒಂದು ಮಾತನ್ನು ತಮ್ಮ ವರ್ಷವಿಡೀ ಚಪ್ಪರಿಸುತ್ತಿದ್ದ. ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದುಂಟು. ಹೇಳಿದರೆ ಈ ಮಾತು ನಿಂತುಹೋಗುತ್ತದಲ್ಲ ಎಂದು ನುಂಗಿಕೊಳ್ಳುತ್ತಿದ್ದ. ಮಧ್ಯಾಹ್ನ ಒಟ್ಟಿಗೆ ಊಟ, ಆಮೇಲೆ ಚಾಪೆಯ ಮೇಲೆ ಒರಗಿ ಅಪ್ಪನ ಬಗ್ಗೆ, ಹಳೇ ಮನೆಯ ಬಗ್ಗೆ ಹರಟೆ. ಹೊರಡುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು.

*

ಮಣ್ಣು ಮುಗಿಸಿ ಬಂದಾಗ ಬಿಸಿಲು ಇನ್ನೂ ಜೋರಾಗಿತ್ತು. ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಪೇಂಟರ್ ಎರಡು ಮೆಟ್ಟಿಲು ಕೆಳಗೆ ಕೂತ.

“ಅತ್ತಿಗೆ, ಒಣಗಿಸ್ಬೇಕು ಅಂತ ಅಣ್ಣನಿಗೆ ಯಾವಾಗ ಗೊತ್ತಾಯ್ತು?”

ಅವಳು ಏನನ್ನು ಎಂದು ಕೇಳಲಿಲ್ಲ. “ಎರಡನೇ ವರ್ಷಾನೇ. ಪ್ರೈಮರ್ ಡಬ್ಬದ ಮೇಲೇ ಬರೆದಿತ್ತಲ್ಲಪ್ಪ. ಓದಿದೋರಲ್ವಾ ಅವರು, ಓದಿದ್ರು.”

ಮೂವತ್ತೊಂಬತ್ತು ವರ್ಷದಲ್ಲಿ ಪೇಂಟರ್ ಒಂದು ಸಲವೂ ಡಬ್ಬದ ಮೇಲೆ ಏನು ಬರೆದಿದೆಯೆಂದು ಓದಿರಲಿಲ್ಲ.

“ನಂಗೆ ಮೈಯೆಲ್ಲ ಉರೀತು,” ಎಂದಳು ಅತ್ತಿಗೆ. “ಒಡಹುಟ್ಟಿದೋನು ಹಿಂಗೂ ಮಾಡ್ತಾನಾ ಅಂದೆ. ಅವರು ನಕ್ಕುಬಿಟ್ರು. ಮಿಕ್ಕಿದ್ದೆಲ್ಲ ಸರಿಯಾಗಿ ಒಣಗಿಸಿ ಮಾಡ್ಕೊಂಡ್ರು. ಆ ಬಾಗಿಲು ಮಾತ್ರ ಪ್ರತಿ ವರ್ಷ ನೀನು ಹೇಳಿದ ಹಾಗೇ. ‘ಅದೂ ಸರಿಹೋದ್ರೆ ಅವನು ಇನ್ಯಾಕೆ ಬರ್ತಾನೆ ಹೇಳು’ ಅಂತಿದ್ರು.”

ಪೇಂಟರನಿಗೆ ಅಳು ಬರಬೇಕಿತ್ತು. ಬಂದದ್ದು ಹಳೆಯ ಹೊಟ್ಟೆಕಿಚ್ಚೇ. ಇದರಲ್ಲೂ ಗೆದ್ದನಲ್ಲ! ಮೋಸವೊಂದಾದರೂ ತನ್ನ ಸ್ವಂತದ್ದು ಎಂದುಕೊಂಡಿದ್ದರೆ, ಅದನ್ನೂ ಕಸಿದುಕೊಂಡು ತನಗಿಂತ ಅಚ್ಚುಕಟ್ಟಾಗಿ ಮಾಡಿ ಹೋಗಿಬಿಟ್ಟನಲ್ಲ!

“ಈ ವರ್ಷ ಫೋನ್ ಬರ್ಲಿಲ್ಲ,” ಎಂದ.

“ಮಾಡು ಅಂದಿದ್ರು. ಮಲಗಿದ್ದಲ್ಲಿಂದಲೇ ಮೂರು ಸಲ ಹೇಳಿದ್ರು. ನಾನು ಮಾಡ್ಲಿಲ್ಲ.” ಅತ್ತಿಗೆ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನೀನು ಬರೋ ದಿನ ಅವರ ಮುಖದಲ್ಲಿರ್ತಿದ್ದ ಕಳೆ ನಂಗೆ ಒಂದಿನಾನೂ ಸಿಗ್ಲಿಲ್ಲ. ಕಡೇ ದಿನಗಳಾದ್ರೂ ನಂಗೊಬ್ಬಳಿಗೇ ಇರ್ಲಿ ಅನ್ನಿಸ್ತು. ತಪ್ಪು ಅಂದ್ರೆ ತಪ್ಪೇ.”

ತಪ್ಪೆನ್ನಲು ಅವನಿಗೆ ಮುಖವೆಲ್ಲಿತ್ತು? ಎದ್ದು, ಅಣ್ಣ ಬಣ್ಣದ ಸಾಮಾನಿಡುತ್ತಿದ್ದ ಹಿತ್ತಲಿನ ಗೂಡಿಗೆ ಹೋಗಿ ಒಂದು ಹಾಳೆ ವಾಟರ್ ಪೇಪರು, ಒಂದು ಬಕೆಟ್ ನೀರು ತಂದು, ಸಾವಿಗೆಂದು ತೊಟ್ಟ ಅಂಗಿಯ ತೋಳು ಮಡಚಿ ಬೀದಿಯಲ್ಲಿ ಬಾಗಿಲ ಮುಂದೆ ಕೂತ.

ಉಜ್ಜಿದ. ಗುಳ್ಳೆಗಳು ಹೋದವು, ಕೆಂಪು ನೀರು ಮೊಣಕೈ ತನಕ ಇಳಿಯಿತು, ನಡುವೆ ಅಂಗೈಯಗಲ ತಗಡು ಬೆಳ್ಳಗೆ ಹೊಳೆಯಿತು. ಅದರ ಸುತ್ತ ಹಳೆಯ ಪದರಗಳ ಅಂಚು ಒಂದೊಂದಾಗಿ ತೆರೆದುಕೊಂಡಿತು: ನೀಲಿ ಬಣ್ಣದ ಗೆರೆ, ಬೂದು ಪ್ರೈಮರಿನ ಗೆರೆ, ಮತ್ತೆ ನೀಲಿ, ಮತ್ತೆ ಬೂದು. ಉಂಗುರದ ಸುತ್ತ ಉಂಗುರ. ಒದ್ದೆ ಬೆರಳಿಟ್ಟು ನೀಲಿಯವನ್ನು ಎಣಿಸಿದ. ಅಣ್ಣ ಕರೆದದ್ದು ಹದಿನೇಳು ಸಲ. ಮೊದಲ ಸಲ ಹೊಡೆದದ್ದನ್ನು ಬಿಟ್ಟರೆ ಉಂಗುರಗಳೂ ಹದಿನೇಳೇ ಇದ್ದವು.

ಅಷ್ಟರಲ್ಲಿ ರೇಡಿಯೋ ಒಳಗಿನಿಂದ ಪ್ರೈಮರ್ ಡಬ್ಬ ಹುಡುಕಿ ತಂದು, ಮುಚ್ಚಳವನ್ನೂ ಎಬ್ಬಿಸಿದ. “ತಗೊಳ್ಳಿ ಸಾರ್, ಒಂದು ಕೈ ಹೊಡೆದು ಬಂದುಬಿಡಿ. ಒಳಗೆ ಜನ ಕಾಯ್ತಿದಾರೆ.”

“ಈಗಲ್ಲ. ಒಣಗ್ಬೇಕು.”

“ಒರೆಸಿದ್ರೆ ಸಾಲ್ದಾ?”

“ಸಾಲ್ದು. ಒಂದು ಹಗಲು ಪೂರ್ತಿ ಬೇಕು.”

“ಅಂದ್ರೆ ನಾಳೇವರೆಗೂ ಇಲ್ಲೇ ಕೂತಿರ್ತೀರಾ?”

ಪೇಂಟರ್ ಡಬ್ಬದ ಮೇಲೆ ಮುಚ್ಚಳವಿಟ್ಟು ಅಂಗೈಯಲ್ಲಿ ಒತ್ತಿ ಮುಚ್ಚಿದ. ಕಾರಿನ ಬಾಗಿಲನ್ನು ಬಿಸಿಲಿನ ಕಡೆಗೆ ಪೂರ್ತಿ ತೆರೆದು, ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಹೊರಗಿನ ಉಂಗುರದ ನೀರು ಮೊದಲು ಆರಿತು, ಆಮೇಲೆ ಅದರ ಒಳಗಿನದು.