ಎಡಗಾಲಿನ ಅಳತೆ

ಬೆಳಗಿನಿಂದ ಚಪ್ಪಲಿ ಅಂಗಡಿಯಾತ ಏಳು ಜನರ ಕಾಲಿಗೆ ತೊಡಿಸಿ ನೋಡಿದ್ದ. ಏಳು ಜೋಡಿಯೂ ಮತ್ತೆ ಪೆಟ್ಟಿಗೆ ಸೇರಿದ್ದವು. ಈಗಿನವರು ಹಾಕಿ ನೋಡುವುದು ಅಂಗಡಿಯಲ್ಲಿ, ಕೊಳ್ಳುವುದು ಫೋನಿನಲ್ಲಿ. ಮಂಡಿಯೂರಿ ಏಳುವಷ್ಟರಲ್ಲಿ ಅವನ ಸೊಂಟ ಹಿಡಿದುಕೊಳ್ಳುತ್ತಿತ್ತು.

ಎಂಟನೆಯವಳು ಆಸ್ಪತ್ರೆಯ ನರ್ಸಮ್ಮ. ದಿನವಿಡೀ ನಿಂತೇ ಇರುವ ಕೆಲಸ. ಬಿಳಿ ಶೂ ತೊಡಿಸಿ, ಹೆಬ್ಬೆರಳಿನ ತುದಿ ಒತ್ತಿ ನೋಡಿದ. ಎಡಗಾಲು ಬಲಗಾಲಿಗಿಂತ ಗೋಧಿ ಕಾಳಿನಷ್ಟು ಉದ್ದ. ಸಂಜೆ ಕಾಲು ಊದಿದರೆ ಈ ಅಳತೆ ಕಚ್ಚದೆ ಬಿಡದು. ಒಂದು ನಂಬರು ದೊಡ್ಡದು ಬೇಕೆಂದು ಹೇಳಲು ತಲೆಯೆತ್ತಿದರೆ, ಆಕೆ ಪೆಟ್ಟಿಗೆಯ ಮೇಲಿನ ನಂಬರಿನ ಫೋಟೊ ತೆಗೆಯುತ್ತಿದ್ದಳು.

"ಸರಿಯಾಗಿದೆ ಅಲ್ವಾ ಅಣ್ಣಾ?"

"ನಿಮ್ಮ ಕಾಲು ನಿಮಗೆ ಗೊತ್ತಿರ್ಬೇಕಲ್ಲಮ್ಮ."

"ಮನೇಲಿ ಒಂದು ಮಾತು ಕೇಳ್ಕೊಂಡು ಬರ್ತೀನಿ."

"ಕೇಳಿ ಕೇಳಿ. ಕೇಳ್ಕೊಂಡು ಬರೋಕೆ ಬೆಳಗಿಂದ ಏಳು ಜನ ಹೋಗಿದಾರೆ."

ಮೂವತ್ತು ವರ್ಷದಲ್ಲಿ ಗೊತ್ತಿದ್ದೂ ಗೊತ್ತಿದ್ದೂ ಒಂದು ಕಾಲನ್ನೂ ತಪ್ಪು ಅಳತೆಗೆ ಬಿಟ್ಟವನಲ್ಲ. ಇವತ್ತು ಬಿಟ್ಟಿದ್ದ. ಮಧ್ಯಾಹ್ನ ಊಟ ತಂದ ಹೆಂಡತಿಗೆ ವಿಷಯ ತಿಳಿಸಿದ.

"ಕೊಳ್ಳದೋರಿಗೆ ಬುದ್ಧಿ ಬೇರೆ ಪುಕ್ಕಟೆ ಕೊಡ್ಬೇಕಾ? ನನ್ನ ಚಪ್ಪಲಿ ಕಿತ್ತು ತಿಂಗಳಾಯ್ತು. ನಾನೂ ಫೋನಲ್ಲೇ ತರಿಸ್ಕೋತೀನಿ ಬಿಡಿ," ಎಂದಳು ಅವಳು. ಅವನಿಗೆ ನಗಲೂ ಆಯಾಸ. ಅವಳು ಹೋದ ಮೇಲೆ ಅವಳಳತೆಯ ಒಂದು ಮೆತ್ತನೆ ಜೋಡಿಯನ್ನು ಬದಿಗೆ ತೆಗೆದಿಟ್ಟ. ಮನೆಗೆ ಒಯ್ಯುವುದು ದಿನಾ ಮರೆಯುತ್ತಿತ್ತು.

ಹತ್ತು ದಿನದ ಮೇಲೆ ನರ್ಸಮ್ಮ ಕುಂಟುತ್ತ ಬಂದಳು. ಕೈಯಲ್ಲಿ ಅದೇ ಬಿಳಿ ಶೂ, ಎಡಗಾಲಿನ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ.

"ಫೋನಲ್ಲಿ ತರಿಸ್ಕೊಂಡೆ. ಹಾಕ್ಕೊಂಡು ಓಡಾಡಿದೀನಂತೆ, ವಾಪಸ್ ತಗೊಳಲ್ವಂತೆ. ನಿಮ್ಮ ಹತ್ರ ಬರೋಕೆ ಮುಖ ಇರ್ಲಿಲ್ಲ ಅಣ್ಣಾ."

"ನನಗೂ ಇಲ್ಲಮ್ಮ. ಕಚ್ಚುತ್ತೆ ಅಂತ ಅವತ್ತೇ ಗೊತ್ತಿತ್ತು. ನೀವು ಫೋಟೊ ತೆಗೆದ್ರಿ, ನಾನು ಬಾಯಿ ಮುಚ್ಕೊಂಡೆ."

ಆಕೆ ಅವನನ್ನೇ ನೋಡಿದಳು. ಆಮೇಲೆ ಪಟ್ಟಿಯನ್ನು ನೋಡಿದಳು. ಶೂಗಳನ್ನು ಅವನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತಳು.

ಅವನು ಮರದ ಕಾಲಚ್ಚನ್ನು ಎಡಗಾಲಿನ ಶೂ ಒಳಗೆ ತೂರಿಸಿ ತಿರುಪು ಬಿಗಿದ. "ಎರಡು ದಿನ ಹೀಗೇ ಇರ್ಲಿ, ಸಡಿಲ ಆಗತ್ತೆ."

"ಅಲ್ಲೀತನಕ ಏನು ಹಾಕ್ಕೊಳ್ಲಿ?"

ಅವನು ಬದಿಗಿಟ್ಟಿದ್ದ ಜೋಡಿಯನ್ನು ತಂದ. "ಮನೆಯವಳದ್ದು. ನಿಮ್ಮ ಶೂಗಿಂತ ಒಂದು ನಂಬರು ದೊಡ್ಡದು. ತಿಂಗಳಿಂದ ಕಾಯ್ತಿದಾಳೆ, ಇನ್ನೆರಡು ದಿನದಲ್ಲಿ ಏನೂ ಮುಳುಗಿ ಹೋಗಲ್ಲ."

ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಮತ್ತೆ ಮಂಡಿಯೂರಿದ. ಮೊದಲು ಎಡಗಾಲಿಗೆ ತೊಡಿಸಿದ.