ತಾಡಪತ್ರಿಯ ಕೆಳಗಿನ ಶೇಂಗಾ

ನಿಲಂಗಾದಲ್ಲಿ ಎಣ್ಣೆ ಗಾಣ ನಡೆಸುವ ಶಿವಕಾಂತಮ್ಮ, ತನ್ನ ತಮ್ಮ ಕಾಶೆಪ್ಪ ತಂದ ಚೀಲವನ್ನು ಬಿಚ್ಚಿದಳು. ಶೇಂಗಾಕ್ಕೆ ಹಸಿರು ಬೂಷ್ಟು ಹಿಡಿದಿತ್ತು.

“ಕಿತ್ತ ಗಿಡ ತೆಲಿಕೆಳಗ ಮಾಡಿ, ಕಾಯಿ ಬಿಸಿಲಿಗೆ ಒಣಗಸು ಅಂತ ಫೋನಿನ್ಯಾಗ ಬಡಕೊಂಡಿದ್ನಲ್ಲೋ!”

“ಉದಗೀರಕ್ಕ ಲಗ್ನಕ್ಕ ಹೋಗೋದಿತ್ತಕ್ಕಾ. ಮಳಿ ಬಂದೀತಂತ ಹಸೀದೇ ಒಟ್ಟಿ ತಾಡಪತ್ರಿ ಮುಚ್ಚಿದ್ದೆ. ತಿಕ್ಕಿದ್ರ ಹೋಗ್ತದ ಬಿಡು.”

“ಬೂಷ್ಟ ಹೋಗ್ತದ, ಕಾಳಿನ್ಯಾಗ ಇಳದ ವಿಷ ಹೋಗಂಗಿಲ್ಲ. ಹೋದ ವರ್ಷನೂ ಇದೇ ಹಾಡು ನಿಂದು!”

“ಹಂಗಾರ ಆಕಳಿಗೆ ಹಾಕ್ತೀನಿ.”

“ಅದರ ಹಾಲು ಯಾರು ಕುಡೀತಾರ? ನಿನ್ನ ಮಕ್ಕಳೇ ಅಲ್ಲೇನು?”

ಕಾಶೆಪ್ಪ ಮುಖ ಸಿಂಡರಿಸಿಕೊಂಡು ಚೀಲ ಕಟ್ಟತೊಡಗಿದ. ಬೇರೆ ಗಾಣಕ್ಕೆ ಒಯ್ಯುತ್ತಾನೆಂದು ಅವಳಿಗೆ ಗೊತ್ತಾಯಿತು. ಚೀಲ ಕಸಿದುಕೊಂಡು ಹಿತ್ತಲಲ್ಲಿ ಸುರಿದು ಬೆಂಕಿ ಹಚ್ಚಿದಳು.

“ಇನ್ನೂ ಎಷ್ಟು ಕೀಳೂದದ?”

“ಅರ್ಧ ಹೊಲ.”

ಗಾಣಕ್ಕೆ ಬೀಗ ಹಾಕಿ ಅವನ ಬೈಕಿನ ಹಿಂದೆ ಕುಳಿತಳು. ಅವನ ಹೊಲವಿದ್ದ ದೇವಣಿ ಮುಟ್ಟುವವರೆಗೂ ಬೈಗುಳ ನಿಲ್ಲಲಿಲ್ಲ. ಅಲ್ಲೇ ಉಳಿದು, ಮಿಕ್ಕ ಅರ್ಧ ಹೊಲ ಕೀಳಿಸಿ, ಕಿತ್ತ ಗಿಡಗಳನ್ನೆಲ್ಲ ತಲೆಕೆಳಗಾಗಿ ಹರವಿಸಿ, ಅಲ್ಲಾಡಿಸಿದರೆ ಕಾಳು ಗಲಗಲ ಎನ್ನುವವರೆಗೆ ಒಣಗಿಸಿದಳು. ಒಂದು ಕಾಯಿಗೂ ಬೂಷ್ಟಿರಲಿಲ್ಲ.

ಕಾಶೆಪ್ಪ ಹಿಗ್ಗಿಹೋದ. “ಭಾಳ ಛಲೋ ಆತಕ್ಕಾ. ಮುಂದಿನ ವರ್ಷ ಕೀಳೂ ಮುಂದ ಫೋನ್ ಮಾಡ್ತೀನಿ, ನೀನೇ ಬಂದಬಿಡು.”

ಶಿವಕಾಂತಮ್ಮ ಹಣೆ ಚಚ್ಚಿಕೊಂಡಳು.