ಒಂದು ಕಾರಿನಷ್ಟು ಜಾಗ

ಆ ತಂಡದಲ್ಲಿ ರೇಸ್ ಓಡಿಸುವವರು ಇಬ್ಬರೇ. ಒಬ್ಬಳಿಗೆ ಆಮೆ ಎಂಬ ಅಡ್ಡಹೆಸರು, ಇನ್ನೊಬ್ಬನಿಗೆ ಪಟಾಕಿ. ಆಮೆ ನಿಧಾನದವಳೇನೂ ಅಲ್ಲ. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗುವವಳನ್ನು ನಿಧಾನ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಟೈರಿನ ವಿಷಯದಲ್ಲಿ ಅವಳು ಮಹಾ ಜಿಪುಣಿ. ಉಳಿದವರ ಟೈರು ಇಪ್ಪತ್ತು ಸುತ್ತಿಗೇ ಕೈಕೊಟ್ಟರೆ ಇವಳದು ಮೂವತ್ತು ಸುತ್ತು ಬಾಳುತ್ತಿತ್ತು. ಅವಳ ಅಪ್ಪನದು ಲಾರಿ ಟೈರುಗಳ ರಿಪೇರಿ ಅಂಗಡಿ. ರಬ್ಬರು ಎಲ್ಲಿ ಸವೆದಿದೆ ಎಂದು ನೋಡಿಯೇ, ಈ ಡ್ರೈವರು ತಿರುವಿನಲ್ಲಿ ಅವಸರದವನು ಎಂದು ಹೇಳಿಬಿಡುವ ಮನುಷ್ಯ ಅವರು. ಆ ಕಣ್ಣು ಮಗಳಿಗೂ ಬಂದಿತ್ತು.

ಪಟಾಕಿ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಮೊದಲ ಹತ್ತು ಸುತ್ತು ಅವನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಆಮೇಲೆ ಟೈರು ಕಾದು, ಸುಲಿದು, ಕಾರು ಅವನ ಮಾತು ಕೇಳುವುದನ್ನೇ ಬಿಡುತ್ತಿತ್ತು. ಆಗ ಅವನು ಹಠಕ್ಕೆ ಬೀಳುತ್ತಿದ್ದ.

ಮೂರು ವಾರದ ಹಿಂದೆ ಆದದ್ದೂ ಅದೇ. ಅವಳು ತಿರುವಿನ ಒಳಗಿನಿಂದ ನುಗ್ಗಿದಳು, ಅವನು ದಾರಿ ಬಿಡಲಿಲ್ಲ. ಚಕ್ರಕ್ಕೆ ಚಕ್ರ ತಾಗಿ ಒಂದೇ ತಂಡದ ಎರಡೂ ಕಾರು ರಸ್ತೆಯಾಚೆಯ ಜಲ್ಲಿಯಲ್ಲಿ ಅಕ್ಕಪಕ್ಕ ಹೂತು ನಿಂತವು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಕಾಫಿ ಯಂತ್ರದ ಮುಂದೆ ಎದುರಾದರೆ ಅವನು ಲೋಟದಲ್ಲಿ ಏನೋ ಬಿದ್ದಿದೆ ಎಂಬಂತೆ ಇಣುಕುತ್ತಿದ್ದ. ಅವಳೂ ಬಿಗುಮಾನ ಬಿಟ್ಟಿರಲಿಲ್ಲ.

ಈ ಭಾನುವಾರ ರೇಸಿಗೆ ಮುಂಚೆ ತಂಡದ ಯಜಮಾನಿ ಇಬ್ಬರನ್ನೂ ಎದುರು ಕೂರಿಸಿಕೊಂಡರು. “ಒಬ್ಬರನ್ನೊಬ್ಬರು ಹಿಂದೆ ಹಾಕ್ಬೇಡಿ ಅಂತ ನಾನು ಹೇಳಲ್ಲ. ಆದ್ರೆ ಇನ್ನೊಂದು ಸಲ ಕಾರು ಕ್ರೇನಲ್ಲಿ ನೇತಾಡ್ಕೊಂಡು ಬಂದ್ರೆ, ಇಬ್ಬರನ್ನೂ ಟಿಕೆಟ್ ಕೌಂಟರಲ್ಲಿ ಕೂರಿಸ್ತೀನಿ.”

ಇಬ್ಬರೂ ಹೆಲ್ಮೆಟ್ಟು ಎತ್ತಿಕೊಂಡು ಬೇರೆ ಬೇರೆ ಬಾಗಿಲಿನಿಂದ ಹೊರಟರು.

ರೇಸು ಐವತ್ತೆರಡು ಸುತ್ತಿನದು. ಪಟಾಕಿ ಇಪ್ಪತ್ತನೇ ಸುತ್ತಿಗೆ ಟೈರು ಬದಲಿಸಿದ. ಆಮೆ ಹಳೆಯವನ್ನೇ ಎಳೆದು ಎಳೆದು ಇಪ್ಪತ್ತೊಂಬತ್ತಕ್ಕೆ ಬದಲಿಸಿದಳು. ನಲವತ್ತಮೂರನೇ ಸುತ್ತಿನಲ್ಲಿ ಅವನು ನಾಲ್ಕನೆಯವನು, ಹಿಂದೆಯೇ ಅವಳು.

ಅವಳ ಕಿವಿಯಲ್ಲಿ ಎಂಜಿನಿಯರನ ದನಿ ಬಂತು. ರೇಡಿಯೋ ಹಿಡಿದು ಅವಳಿಗೆ ದಾರಿ ಹೇಳುವ ಆತ ತಂಡಕ್ಕೆಲ್ಲ ಅಣ್ಣ. “ನೋಡಮ್ಮ, ಅವನ ಎಡಗಡೆ ಮುಂದಿನ ಟೈರು ಮುಗೀತಾ ಬಂತು. ನಿನ್ ಹಿಂದೆ ಒಂದು ಕೆಂಪು ಕಾರು ಓಡೋಡಿ ಬರ್ತಿದೆ.”

“ಗೊತ್ತು ಅಣ್ಣ. ಎರಡು ಸುತ್ತು ಸುಮ್ನಿರಿ. ಈಗಲೇ ಅಂಟ್ಕೊಂಡ್ರೆ ಅವನ ಕಾರು ಕಲಕಿದ ಗಾಳೀಲಿ ನಾನು ಜಾರ್ತೀನಿ, ನನ್ನ ಟೈರೂ ಕಾಯುತ್ತೆ.”

ಎರಡು ಸುತ್ತು ಅವಳು ದೂರದಿಂದಲೇ ಹಿಂಬಾಲಿಸಿ ಟೈರಿನ ಬಿಸಿ ಆರಿಸಿಕೊಂಡಳು. ಮೂರನೆಯದರಲ್ಲಿ ನೇರ ರಸ್ತೆಯ ಕೊನೆಗೆ ಬಲಗಡೆಯಿಂದ ಕಾರಿನ ಮೂತಿ ತೋರಿಸಿದಳು. ನಿರೀಕ್ಷಿಸಿದಂತೆ ಅವನು ತಟ್ಟನೆ ಬಲಕ್ಕೆ ಬಂದು ಬಾಗಿಲು ಹಾಕಿದ. ನಾಲ್ಕನೆಯದರಲ್ಲೂ ಹಾಗೆಯೇ. ಐದನೆಯದರಲ್ಲಿ ಅವನು ಬಲಕ್ಕೆ ಬಂದೊಡನೆ ಅವಳು ಎಡಕ್ಕೆ ಸರಿದು, ಕೊಂಚ ಮೊದಲೇ ಬ್ರೇಕ್ ಒತ್ತಿ, ಅವನು ತಿರುವಿನಲ್ಲಿ ಹೊರಕ್ಕೆ ಜಾರುವವರೆಗೆ ಕಾದಳು. ಜಾರಿದ. ಅವನ ಬೆನ್ನ ಹಿಂದಿನಿಂದಲೇ ಒಳಕ್ಕೆ ಕತ್ತರಿಸಿ ಪಕ್ಕಕ್ಕೆ ಬಂದಳು.

ಮುಂದಿನದೂ ಬಲ ತಿರುವು. ಮೂರು ವಾರದ ಹಿಂದೆ ಜಲ್ಲಿಗೆ ಹೋದದ್ದು ಇಂಥದೇ ತಿರುವಿನಲ್ಲಿ. ಅವನು ಸ್ಟೀರಿಂಗ್ ಒಂದಿಷ್ಟು ತಿರುಗಿಸಿದರೂ ಸಾಕು, ಮತ್ತೆ ಅದೇ ಗತಿ. ಆಕ್ಸಿಲರೇಟರಿನಿಂದ ಕಾಲು ತೆಗೆಯಲೇ ಎಂದುಕೊಂಡಳು; ತೆಗೆಯಲಿಲ್ಲ. ಅವನ ಹೆಲ್ಮೆಟ್ಟು ಅರೆಗಳಿಗೆ ಇತ್ತ ಹೊರಳಿತು. ಆಮೇಲೆ ಅವನ ಕಾರು ಒಂದು ಕಾರಿನಷ್ಟು ಜಾಗ ಬಿಟ್ಟು, ಹೊರಗಿನ ಗೆರೆಯಲ್ಲೇ ನೆಟ್ಟಗೆ ಉಳಿಯಿತು.

ಅವಳು ಮುಂದಾದಳು. ಹೋಗುತ್ತ ಕೈ ಎತ್ತಿ ತೋರಿಸಿದಳು.

“ಅಣ್ಣ, ಅವನಿಗೆ ಹೇಳಿ. ನೇರ ರಸ್ತೆಗೆ ಮುಂಚೆ ಉದ್ದ ತಿರುವು ಇದೆಯಲ್ಲ, ಅಲ್ಲಿ ಸ್ವಲ್ಪ ಬೇಗ ಕಾಲು ತೆಗೀಲಿ. ಸ್ಟೀರಿಂಗ್ ಒಂದೇ ಸಲ ತಿರುಗಿಸಿ ಹಿಡ್ಕೊಳ್ಲಿ, ಮತ್ತೆ ಮತ್ತೆ ಎಳೀಬಾರ್ದು. ಕೊನೇವರೆಗೂ ಟೈರು ಬರುತ್ತೆ.”

“ಅವನು ಕೇಳ್ತಾನೇನಮ್ಮ?”

“ನಾನೇ ಹೇಳ್ದೆ ಅಂತ ಹೇಳಿ. ಬೈದ್ರೆ ಬೈಲಿ.”

ಎರಡು ತಿರುವು ದಾಟುವಷ್ಟರಲ್ಲಿ ಅಣ್ಣನ ನಗು ಕೇಳಿಸಿತು. “ಬೈದ. ಆದ್ರೆ ಮಾಡ್ತಿದಾನೆ.”

ಮೂರನೆಯವನನ್ನು ಹಿಡಿಯಲು ಅವಳು ಉಳಿಸಿದ್ದ ಟೈರಿನ ಕಸುವನ್ನೆಲ್ಲ ಸುರಿದಳು. ಆದರೂ ಅರ್ಧ ಸೆಕೆಂಡು ಸಾಲದೇ ಹೋಯಿತು. ನಾಲ್ಕನೆಯ ಸ್ಥಾನ. ಬೇಸರಪಡಬೇಕು ಎನ್ನುವಷ್ಟರಲ್ಲಿ ಅಣ್ಣ ಕೂಗಿದ. ಕೆಂಪು ಕಾರು ಕೊನೆಯ ಮೂರು ಸುತ್ತು ಬಾಲಕ್ಕೇ ಕಚ್ಚಿಕೊಂಡಿದ್ದರೂ ಪಟಾಕಿ ಬಿಟ್ಟುಕೊಡಲಿಲ್ಲವಂತೆ, ಮೂತಿಯಷ್ಟು ಅಂತರದಲ್ಲಿ ಐದನೆಯವನಾದನಂತೆ. ಆ ಪುಟ್ಟ ತಂಡಕ್ಕೆ ವರ್ಷದಲ್ಲೇ ಅಂಥ ದಿನ ಬಂದಿರಲಿಲ್ಲ.

ಸಂಜೆ ಗ್ಯಾರೇಜಿನಲ್ಲಿ ಬಿಚ್ಚಿದ ಚಕ್ರಗಳನ್ನು ಗೋಡೆಗೆ ಒರಗಿಸಿದ್ದರು. ಪಟಾಕಿ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅವಳು ಬಂದು ಪಕ್ಕದಲ್ಲಿ ನಿಂತಳು. ಈ ಸಲ ಇಣುಕಿ ನೋಡಲು ಅವನ ಕೈಯಲ್ಲಿ ಲೋಟವಿರಲಿಲ್ಲ.

“ಅಕ್ಕ, ನಂದು ನೋಡಿ, ನಾಯಿ ಕಿತ್ತ ಹಾಗಿದೆ. ನಿಮ್ಮದು ಇನ್ನೂ ಎರಡು ಸುತ್ತು ಓಡೋ ಹಾಗಿದೆ.”

“ಎರಡಲ್ಲ, ಒಂದು,” ಎಂದಳು. ಆಮೇಲೆ ಅವನ ಟೈರನ್ನು ಮುಟ್ಟಿ ನೋಡುತ್ತ, “ಆವತ್ತು ತಪ್ಪು ನಂದೂ ಇತ್ತು ಕಣೋ. ಅಲ್ಲಿ ಜಾಗ ಇರ್ಲಿಲ್ಲ, ನಾನು ನುಗ್ಗಬಾರ್ದಿತ್ತು.”

ಅವನು ತಲೆ ತಗ್ಗಿಸಿ ಕಿತ್ತ ರಬ್ಬರಿನ ತುಣುಕೊಂದನ್ನು ಉಗುರಿನಿಂದ ಕೆರೆದ. “ಜಾಗ ಇತ್ತು. ನಾನು ಕೊಡ್ಲಿಲ್ಲ.”

ತಪ್ಪು ತನ್ನದೇ ಎಂದು ಇಬ್ಬರೂ ಹೀಗೆ ಕಿತ್ತಾಡುವುದು ಕೇಳಿ, ಚಕ್ರ ಒರೆಸುತ್ತಿದ್ದ ಮೆಕ್ಯಾನಿಕ್ ನಗು ತಡೆದುಕೊಂಡು ಎದ್ದು ಹೊರಗೆ ಹೋದ.

“ಇವತ್ತು ಯಾಕೆ ಕೊಟ್ಟೆ?”

“ನೀವು ಕಾಲು ತೆಗೀತೀರಾ ಅಂದ್ಕೊಂಡಿದ್ದೆ. ತೆಗೀಲಿಲ್ಲ. ನನ್ ಮೇಲೆ ಇಷ್ಟು ನಂಬಿಕೆ ಇಟ್ಟವರ ಮೇಲೆ ಕಾರು ಹೇಗೆ ತಿರುಗಿಸ್ಲಿ?” ಅಷ್ಟು ಹೇಳಿ ಅವನೇ ನಾಚಿಕೊಂಡು ಎದ್ದುನಿಂತ. “ಆ ಉದ್ದ ತಿರುವಲ್ಲಿ ಎಲ್ಲಿ ಕಾಲು ತೆಗೀತೀರಿ? ಸರಿಯಾಗಿ ಎಲ್ಲಿ?”

“ಬಾಯಲ್ಲಿ ಹೇಳೋದಲ್ಲ ಅದು. ನಡಿ, ತೋರಿಸ್ತೀನಿ.”

ಪ್ರೇಕ್ಷಕರು ಹೊರಟುಹೋಗಿದ್ದರು. ಇನ್ನೂ ಬಿಸಿಯಾಗಿದ್ದ ರಸ್ತೆಯ ಮೇಲೆ ಇಬ್ಬರೂ ನಡೆದುಕೊಂಡು ಹೊರಟರು. ಅವಳು ನಿಂತು ನಿಂತು ಡಾಂಬರಿನ ಮೇಲಿನ ಕಪ್ಪು ಗುರುತು ತೋರಿಸುತ್ತಿದ್ದಳು. ಅವನು ಪ್ರತಿಯೊಂದಕ್ಕೂ “ಅದ್ಹೇಗೆ?” ಎಂದು ವಾದಕ್ಕಿಳಿಯುತ್ತಿದ್ದ.